ಎಡಗಡೆ ಮಡ್‌ಗಾರ್ಡ್

ಬಣ್ಣದವನನ್ನು ಕಂಡರೆ ತಗಡಿನವನಿಗೆ ಆಗುತ್ತಿರಲಿಲ್ಲ. ಇಬ್ಬರೂ ಷಡ್ಡಕರು. ಅಕ್ಕತಂಗಿಯರನ್ನು ಮದುವೆಯಾಗಿ, ಒಬ್ಬನೇ ಮಾವನ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತವರು. ಹಿರಿಯಳಿಯ ಜಜ್ಜಿಹೋದ ತಗಡನ್ನು ಬಡಿದು ಸರಿಮಾಡುತ್ತಿದ್ದ. ಕಿರಿಯಳಿಯ ಅದರ ಮೇಲೆ ಬಣ್ಣ ಹೊಡೆಯುತ್ತಿದ್ದ. ಗಾಡಿ ತೆಗೆದುಕೊಂಡು ಹೋಗಲು ಬಂದವರೆಲ್ಲ ಬಣ್ಣವನ್ನು ಹೊಗಳುತ್ತಿದ್ದರು. ತಗಡಿನ ಕೆಲಸ ಚೆನ್ನಾಗಿ ಆಗಿದ್ದರೆ ಅಲ್ಲೊಂದು ಕೆಲಸ ನಡೆದಿದೆ ಅನ್ನುವುದೇ ಕಾಣುವುದಿಲ್ಲ. ಇದನ್ನು ಅವನು ಹೆಂಡತಿಗೆ ಎಷ್ಟೋ ಸಲ ವಿವರಿಸಿದ್ದ. ನನಗೇನು ಹೇಳ್ತೀರಿ, ನಮ್ಮಪ್ಪನಿಗೆ ಹೇಳಿ ಎಂದು ಅವಳು ಮಗ್ಗುಲಾಗುತ್ತಿದ್ದಳು.

ಹೀಗಿರುವಾಗ ಆ ಕಾರು ಬಂತು. ಎರಡನೇ ಮಹಾಯುದ್ಧಕ್ಕೂ ಮುಂಚಿನದು. ಇಬ್ಬರೇ ಕೂರುವಂಥ, ಮೂತಿ ಮಾತ್ರ ಮಾರುದ್ದ ಇರುವ ಸ್ಪೋರ್ಟ್ಸ್ ಕಾರು. ಒಳಗೆ ಚರ್ಮದ ಸೀಟು, ಕನ್ನಡಿಯಂತೆ ಹೊಳೆಯುವ ಮರದ ಡ್ಯಾಶ್‌ಬೋರ್ಡು. ಇಂಥವು ಲೋಕದಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಒಡತಿ ತೀರಿಕೊಂಡ ಮೇಲೆ ಅವಳ ಮನೆಯವರು ಅದನ್ನು ಸರಿಮಾಡಿಸಿ, ಹಳೆಯ ಕಾರುಗಳನ್ನು ಸಂಗ್ರಹಿಸುವವರಿಗೆ ಮಾರಿಕೊಡಿ ಎಂದು ಮಾವನ ಕೈಗೆ ಒಪ್ಪಿಸಿದ್ದರು. ಶೆಡ್ಡಿನ ಗೋಡೆ ಕುಸಿದು ಮುಂದಿನ ಎಡಗಡೆ ಮಡ್‌ಗಾರ್ಡ್ ಅಪ್ಪಚ್ಚಿಯಾಗಿತ್ತು. ಬಣ್ಣ ಎಲ್ಲ ಕಡೆ ಎದ್ದಿತ್ತು.

ತಗಡಿನವನು ಕಾರನ್ನು ಒಂದು ಸುತ್ತು ಹಾಕಿ, ಇದು ನನ್ನ ಕಾರು ಎಂದುಕೊಂಡ. ಕೊಳ್ಳುವವರು ದಿನಾ ಬರುವ ಗಿರಾಕಿಗಳಲ್ಲ. ಮೊಣಕಾಲೂರಿ, ಟಾರ್ಚು ಬಿಟ್ಟು, ಮಡ್‌ಗಾರ್ಡಿನ ಒಳಮೈ ನೋಡುವ ಜನ. ಅವರಲ್ಲಿ ಒಬ್ಬರಾದರೂ ಎಡಗಡೆ ಕೈಯಿಟ್ಟು, ಮಾವನ ಎದುರಿಗೆ, ಬಣ್ಣದವನ ಎದುರಿಗೆ, ಇದನ್ನು ಮಾಡಿದ್ದು ಯಾರು ಎಂದು ಕೇಳಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ಬಲಗಡೆ ಮಡ್‌ಗಾರ್ಡಿನ ಮೇಲೆ ರಟ್ಟು ಇಟ್ಟು ಅದರ ಬಳುಕನ್ನು ಕತ್ತರಿಸಿಕೊಂಡ. ರಟ್ಟನ್ನು ತಿರುವಿ ಹಾಕಿದರೆ ಎಡಗಡೆಯ ಅಳತೆ. ಮರಳಿನ ಚೀಲದ ಮೇಲೆ ಅಲ್ಯೂಮಿನಿಯಂ ತಗಡು ಇಟ್ಟು ಕೊಡತಿಯಿಂದ ಬಡಿಯತೊಡಗಿದ. ನಡುವೆ ಒಮ್ಮೆ ಆ ರಟ್ಟನ್ನು ಜಜ್ಜಿಹೋದ ಹಳೆಯದಕ್ಕೆ ಹಿಡಿದು ನೋಡಿದ. ಕೂರಲಿಲ್ಲ. ನಜ್ಜುಗುಜ್ಜಾಗದ ಭಾಗದಲ್ಲೂ ಕೂರಲಿಲ್ಲ. ಹೆಡ್‌ಲ್ಯಾಂಪಿನ ಹತ್ತಿರ ಹಳೆಯದು ಕೊಂಚ ಜೋತುಬಿದ್ದಿತ್ತು. ಆ ಕಾಲದಲ್ಲಿ ಬಲಗಡೆ ಒಬ್ಬ, ಎಡಗಡೆ ಇನ್ನೊಬ್ಬ, ಕಣ್ಣಳತೆಯಲ್ಲೇ ಬಡಿಯುತ್ತಿದ್ದರು ಎಂದು ಅವನಿಗೆ ಗೊತ್ತಿತ್ತು. ಎಡಗಡೆಯವನಿಗೆ ಕೆಲಸ ಬರುತ್ತಿರಲಿಲ್ಲ ಎಂದು ತೀರ್ಮಾನಿಸಿದ. ಖುಷಿಯೂ ಆಯಿತು. ಸತ್ತವನ ತಪ್ಪನ್ನು ತಿದ್ದಿ, ಬಲಗಡೆಯದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಜೋಡಿ ಮಾಡಿದ.

ಬಣ್ಣದವನು ಬಂದು ಅದನ್ನು ಸವರಿ ನೋಡಿದ.

"ಹಳೇದು ಹೀಗಿರ್ಲಿಲ್ಲ ಅಲ್ವಾ ಭಾವ?"

"ನೀನು ಬಣ್ಣ ನೋಡ್ಕೋ."

ಅವನು ಬಣ್ಣ ನೋಡಿಕೊಂಡ. ಕಡುನೀಲಿ, ಪದರದ ಮೇಲೆ ಪದರ ಹೊಡೆದು, ಉಜ್ಜಿ, ಮತ್ತೆ ಹೊಡೆದು, ಕೊನೆಗೆ ಕಾರಿನ ಮೈಯಲ್ಲಿ ಗ್ಯಾರೇಜಿನ ಟ್ಯೂಬ್‌ಲೈಟುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡವು. ಮಾವ ಅದರಲ್ಲಿ ಮುಖ ನೋಡಿ ಮೀಸೆ ತಿದ್ದಿಕೊಂಡರು. ತಗಡಿನವನು ಊಟಕ್ಕೆ ಕೂತಾಗಲೂ ಅದೇ ನೆನಪಾಗಿ ಅರ್ಧಕ್ಕೇ ಕೈ ತೊಳೆದ.

ಕಾರು ತೋರಿಸುವ ದಿನ ಪಕ್ಕದಲ್ಲಿ ನಿಂತು ಬಂದವರೊಂದಿಗೆ ಮಾತಾಡಲು ಮಾವ ಬಣ್ಣದವನಿಗೇ ಹೇಳಿದರು. ಅವನಿಗೆ ಮಾತು ಬರುತ್ತೆ ಎಂದರು. ತಗಡಿನವನಿಗೆ, ಬಾನೆಟ್ ಬಿಗಿ ಇದೆ, ಎತ್ತಿ ಕೊಡೋಕೆ ಹತ್ತಿರದಲ್ಲೇ ಇರಿ ಎಂದರು. ಅವನು ಗೋಡೆಗೆ ಒರಗಿ, ಒರೆಸಿದ ಕೈಯನ್ನೇ ಒರೆಸುತ್ತಾ ನಿಂತ.

ಬಂದವರಲ್ಲಿ ಕಣ್ಣಿನ ಡಾಕ್ಟರಮ್ಮ ಒಬ್ಬರಿದ್ದರು. ಮೊದಲ ಮಾತಿಗೇ ಬಣ್ಣ ಸೊಗಸಾಗಿದೆ ಎಂದು ಹೇಳಿ ಮುಗಿಸಿದರು. ಆಮೇಲೆ ಟಾರ್ಚು ತೆಗೆದು ಮುಂದುಗಡೆ ಕುಕ್ಕರುಗಾಲಿನಲ್ಲಿ ಕೂತರು. ಬಲಗಡೆ ನೋಡಿ, ಎಡಗಡೆ ನೋಡಿ, ಎಡಗಡೆ ಕೈಯಿಟ್ಟರು. ತಗಡಿನವನು ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಇದನ್ನ ಮಾಡಿದ್ದು ಯಾರು?"

ಮಾವ ಅವನ ಕಡೆ ಕೈ ತೋರಿಸಿದರು. ನಾನೇ ಎಂದು ಅವನು ಮುಂದೆ ಬಂದ.

"ತುಂಬ ಚೆನ್ನಾಗಿ ಮಾಡಿದ್ದೀರಿ. ಅದೇ ತೊಂದ್ರೆ."

ಈ ಕಾರಿನ ಹಳೆಯ ಫೋಟೋ ಅವರು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದರಂತೆ. ಎಡಗಡೆ ಹೆಡ್‌ಲ್ಯಾಂಪು ಜೋತು, ಎಡಗಣ್ಣು ಚೂರು ಮೆಳ್ಳೆ ಇದ್ದ ಹಾಗೆ ಕಾಣುವುದೇ ಇದರ ಗುರುತು. ಇಂಥ ಬೇರೆ ಕಾರುಗಳಿಗೆ ಅದಿಲ್ಲ. "ನನ್ನ ಜೀವಮಾನವೆಲ್ಲ ಮೆಳ್ಳೆಗಣ್ಣು ನೆಟ್ಟಗೆ ಮಾಡೋದ್ರಲ್ಲೇ ಹೋಯ್ತು. ಇದೊಂದು ಹಾಗೇ ಇರ್ಲಿ ಅಂತ ಬಂದ್ರೆ, ನೀವು ಆಪರೇಷನ್ ಮಾಡ್ಬಿಟ್ಟಿದ್ದೀರಿ," ಎಂದರು. ಎಲ್ಲರೂ ನಕ್ಕರು. ಬಣ್ಣದವನು ನಗಲಿಲ್ಲ. ಅದೂ ತಗಡಿನವನಿಗೆ ಸಹಿಸಲಾಗಲಿಲ್ಲ.

ಹಳೆಯ ಮಡ್‌ಗಾರ್ಡನ್ನು ತರಿಸಿಕೊಂಡು ಡಾಕ್ಟರಮ್ಮ ಅದರ ಜೋತುಬಿದ್ದ ಅಂಚಿನ ಮೇಲೆ ಬೆರಳಾಡಿಸಿದರು. ಮಗುವಿನ ತಲೆ ನೇವರಿಸುವ ಹಾಗೆ. ಎಂಥಾ ಕೈ ನೋಡಿ ಎಂದರು. ಆ ಕೈ ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ತಗಡಿನವನಿಗೆ ಆ ಗಳಿಗೆಯಲ್ಲಿ ಬಣ್ಣದವನ ಮೇಲಿದ್ದದ್ದಕ್ಕಿಂತ ಹೆಚ್ಚಿನ ಉರಿ ಆ ಸತ್ತವನ ಮೇಲೆ ಹತ್ತಿತು. ಕೆಲಸ ಬಾರದವನು. ಬದುಕಿದ್ದಿದ್ದರೆ ಮುಖದ ಮೇಲೇ ಹೇಳಬಹುದಿತ್ತು.

ಇದ್ದ ಹಾಗೇ ಮಾಡಿಕೊಟ್ಟರೆ ಕಾರು ನನಗೆ, ಇಲ್ಲದಿದ್ದರೆ ಬೇಡ ಎಂದು ಡಾಕ್ಟರಮ್ಮ ಹೇಳಿ ಹೋದರು. ಅದನ್ನು ಕೇಳಿಸಿಕೊಂಡಿದ್ದ ಉಳಿದವರೂ ಯೋಚಿಸಿ ಹೇಳುತ್ತೇವೆ ಎಂದು ಜಾಗ ಖಾಲಿ ಮಾಡಿದರು.

ಮಾವ ಹಿರಿಯಳಿಯನನ್ನು ಬದಿಗೆ ಕರೆದರು.

"ಅಳಿಯಂದ್ರೇ, ಇದಕ್ಕಿಂತ ಒಳ್ಳೇ ಕೆಲಸ ಈ ಗ್ಯಾರೇಜಲ್ಲಿ ಆಗಿಲ್ಲ. ನಂಗೊತ್ತು. ಈಗ ಅದನ್ನ ಕೆಡಿಸಿ."

ಇಷ್ಟು ವರ್ಷ ಕಾದ ಮಾತು ಇಂಥ ಬಾಲ ಹಚ್ಚಿಕೊಂಡು ಬಂತು. ಯಾವನೋ ಮಾಡಿದ ತಪ್ಪನ್ನು ನಾನೇಕೆ ಮಾಡಲಿ ಎಂದು ಅವನು ಹಟ ಹಿಡಿದ. ಮಾವ ಬೇಡಿಕೊಂಡರು. ಅವನು ಮಡ್‌ಗಾರ್ಡಿನ ಕಡೆ ತಿರುಗಿದ. ಅದರ ನೀಲಿಯಲ್ಲಿ ಟ್ಯೂಬ್‌ಲೈಟು ಹೊಳೆಯುತ್ತಿತ್ತು. ಕೆಡಿಸುವುದೆಂದರೆ ಆ ಬಣ್ಣವೂ ಹೋಗಬೇಕು. ಹೊಸ ನೀಲಿ ಪಕ್ಕದ ನೀಲಿಗೆ ಕೂಡುವುದಿಲ್ಲ, ಬಾನೆಟ್ಟು, ಬಾಗಿಲು ಎಲ್ಲ ಮತ್ತೆ ಹೊಡೆಯಬೇಕು. ಅವನ ಹೊಟ್ಟೆ ತಣ್ಣಗಾಯಿತು. ಆಗಲಿ ಮಾವ ಎಂದ.

ಮಡ್‌ಗಾರ್ಡನ್ನು ಬಿಚ್ಚಿ ಬೆಂಚಿನ ಮೇಲಿಟ್ಟ. ಬಣ್ಣದವನು ಓಡಿ ಬಂದ.

"ತಾಳಿ ಭಾವ, ಬಣ್ಣ ಕೆರೆದು ಕೊಡ್ತೀನಿ."

"ಬೇಡ," ಎಂದು ಬಣ್ಣದ ಮೇಲೆಯೇ ಹೊಡೆದ. ನೀಲಿ ಚಕ್ಕೆ ಚಕ್ಕೆಯಾಗಿ ಸಿಡಿಯಿತು. ಹೊಡೆದು ಷಡ್ಡಕನ ಮುಖ ನೋಡಿದ.

ಬಣ್ಣದವನು ಒಂದು ಚಕ್ಕೆ ಎತ್ತಿ ಬೆಳಕಿಗೆ ಹಿಡಿದ. "ಒಂಚೂರು ಕಪ್ಪು ಜಾಸ್ತಿ ಆಗಿತ್ತು. ನಂಗೂ ಸಮಾಧಾನ ಇರ್ಲಿಲ್ಲ. ಬಿಡಿ, ಒಳ್ಳೇದೇ ಆಯ್ತು," ಎಂದು ಹೊಸದಾಗಿ ಕಲೆಸಲು ಒಳಗೆ ಹೋದ.

ತಗಡಿನವನು ಕೆಲಸಕ್ಕೆ ತೊಡಗಿದ. ಹಳೆಯದನ್ನು ಎದುರಿಗಿಟ್ಟುಕೊಂಡರೂ ಕೈ ಬಾಗಲಿಲ್ಲ. ಜೋಲಲಿ ಎಂದು ಹೊಡೆದ ಕಡೆಯೆಲ್ಲ ಮುಂದಿನ ಏಟು ತನ್ನಷ್ಟಕ್ಕೆ ತಾನೇ ಸರಿಮಾಡಿಬಿಡುತ್ತಿತ್ತು. ಒಳಗಿನಿಂದ ಡಬ್ಬಿ ಕಲಕುವ ಸದ್ದು ಬರುತ್ತಿತ್ತು. ಬಣ್ಣದವನು ಏನೋ ಹೇಳಿದ. ಮಾವ ನಕ್ಕರು.

ಅವನು ಕೊಡತಿ ಎತ್ತಿ ಹಿಡಿದು ಕಿವಿಗೊಟ್ಟ. ಮಾತು ತಿಳಿಯಲಿಲ್ಲ. ಮಾವ ಮತ್ತೆ ನಕ್ಕರು. ನೋಡದೆಯೇ ಒಂದು ಏಟು ಹಾಕಿದ.

ಬಗ್ಗಿ ನೋಡಿದರೆ ಹೆಡ್‌ಲ್ಯಾಂಪಿನ ಹತ್ತಿರ ತಗಡು ಕೊಂಚ ಜೋತುಬಿದ್ದಿತ್ತು. ಹಳೆಯದರ ಪಕ್ಕಕ್ಕೆ ಹಿಡಿದ. ಅರ್ಧ ಬಂದಿತ್ತು. ಇಂಥದ್ದೇ ಇನ್ನೊಂದು ಏಟು ಬೇಕಿತ್ತು. ಅವನು ಕೊಡತಿ ಎತ್ತಿ, ಮತ್ತೆ ಒಳಗಿನ ಮಾತಿಗೆ ಕಿವಿಗೊಟ್ಟು ನಿಂತ.