ಫೋನಿನಲ್ಲಿ ಬಂದ ಮದುವೆ ಕರೆ

ಮದುವೆಗೆ ಕರೆಯುವುದೆಂದರೆ ಮನೆಗೆ ಬಂದು, ಕೂತು, ಕಾಫಿ ಕುಡಿದು, ಪತ್ರಿಕೆಯನ್ನು ಕೈಗೆ ಕೊಟ್ಟು ಕರೆಯಬೇಕು. ನಮ್ಮ ಗೋಣಿಬೀಡಿನಲ್ಲಿ ಇವತ್ತಿಗೂ ಹಾಗೆಯೇ. ಅಂಥದ್ದರಲ್ಲಿ ಮೂಡಿಗೆರೆಯ ನನ್ನ ಗೆಳೆಯ ಸುರೇಂದ್ರ ವಾಟ್ಸಾಪಿನಲ್ಲಿ 'ಮದುವೆ ಆಮಂತ್ರಣ' ಅಂತ ಒಂದು ಫೈಲು ಕಳಿಸಿದರೆ ನನಗೆ ಮೈ ಉರಿಯದೆ ಇರುತ್ತದೆಯೇ?

ಒತ್ತಿದೆ. ಇದು ಸ್ಟೋರಿನಿಂದ ಬಂದ ಆ್ಯಪ್ ಅಲ್ಲ, ಅಪಾಯವಿರಬಹುದು ಎಂದು ಫೋನು ಅಡ್ಡ ಹಾಕಿತು.

"ಬಿಡಿ ಅಪ್ಪ. ಪತ್ರಿಕೆ ಅಂದ್ರೆ ಫೋಟೋ ಬರುತ್ತೆ, ಆ್ಯಪ್ ಯಾಕೆ ಬರುತ್ತೆ?" ಎಂದಳು ಮಗಳು ಅರ್ಚನಾ.

"ಮದುವೆ ಯಾವತ್ತು ಅಂತ ಗೊತ್ತಾದ್ರೆ ತಾನೆ ನಾನು ಹೋಗದೆ ಇರೋದು! ಫೋನು ನಂದು. ಯಾರನ್ನ ಒಳಗೆ ಬಿಡ್ಬೇಕು ಅಂತ ಅದು ಹೇಳೋದಾ?"

ಸೆಟ್ಟಿಂಗಿಗೆ ಹೋಗಿ, ಕೇಳಿದ್ದಕ್ಕೆಲ್ಲ 'ಅನುಮತಿಸಿ' ಎಂದು ಒತ್ತಿದೆ. ಪತ್ರಿಕೆ ತೆರೆಯಲೇ ಇಲ್ಲ. ಅದರ ಬದಲು ಅದೇ ಆಮಂತ್ರಣ ನನ್ನ ಹೆಸರಿನಲ್ಲಿ, ಫೋನಿನಲ್ಲಿದ್ದವರಿಗೆಲ್ಲ ಹೋಗತೊಡಗಿತು. ಅರ್ಚನಾ ಫೋನು ಕಸಿದು ಸಿಮ್ ಕಿತ್ತಳು. ಅಷ್ಟರಲ್ಲಿ ಆಲ್ದೂರಿನ ಬಸವರಾಜು ಅವರಿಗೂ ಹೋಗಿಯಾಗಿತ್ತು. ಹೋದ ಭಾನುವಾರವಷ್ಟೇ ಅವರ ಮಗ ರಾಜೀವ್ ಅರ್ಚನಾಳನ್ನು ನೋಡಿಕೊಂಡು ಹೋಗಿದ್ದ. ಇವಳಿಗೆ ಹುಡುಗ ಹಿಡಿಸಿದ್ದ. ಅವರ ಮಾತಿಗೆ ಕಾಯುತ್ತಿದ್ದೆವು.

"ನಂಗೆ ಬೇರೆ ಕಡೆ ಮದುವೆ ಗೊತ್ತಾಗಿದೆ ಅಂದ್ಕೊಳ್ತಾರೆ, ಅಪ್ಪ," ಎಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೆಂಡತಿಯ ಫೋನಿನಿಂದ ಸುರೇಂದ್ರನಿಗೆ ಬಾಯಿಗೆ ಬಂದಂತೆ ಬೈದೆ. ಅವನ ಮನೆಯಲ್ಲಿ ಮದುವೆಯೇ ಇರಲಿಲ್ಲ. ಅವನೂ ಯಾರದೋ ಆಮಂತ್ರಣ ಒತ್ತಿ ಕೂತಿದ್ದ.

ಮಾರನೆಯ ದಿನ ಅಂಗಳಕ್ಕೆ ಜೀಪು ಬಂತು. ಮಗನ ಜೊತೆ ಇಳಿದ ಬಸವರಾಜು ಅಲ್ಲೇ ಶುರು ಮಾಡಿದರು.

"ಏನ್ರೀ ಗುರುವಯ್ಯನೋರೆ, ಮಗಳ ಮದುವೆಗೆ ಫೋನಲ್ಲಿ ಕರೀತೀರಾ? ನಾವೇನು ಅಷ್ಟು ಕೇವಲನಾ?"

ಹುಡುಗಿ ಕೈತಪ್ಪಿದಳು ಅಂತಲ್ಲ, ಕರೆದ ರೀತಿಗೆ ಸಿಟ್ಟು! ಇಂಥ ಬೀಗರನ್ನು ಬಿಡಬಾರದು ಅನ್ನಿಸಿತು. ನಡೆದದ್ದನ್ನೆಲ್ಲ ಹೇಳಿದೆ.

"ನಾನು ಅಪ್ಪಂಗೆ ಒತ್ತೋಕೆ ಬಿಡಲಿಲ್ಲ," ಎಂದ ರಾಜೀವ್, ಬಾಗಿಲಿಗೆ ಬಂದ ಅರ್ಚನಾಳನ್ನು ನೋಡುತ್ತ. "ಮನೆಗೇ ಹೋಗಿ ಕೇಳೋಣ ಅಂದೆ."

"ನಮ್ಗೆ ಅವತ್ತೇ ಒಪ್ಪಿಗೆ ಆಗಿತ್ತು," ಎಂದರು ಬಸವರಾಜು. "ಇಂಥ ಮಾತು ಫೋನಲ್ಲಿ ಹೇಳ್ಬಾರ್ದಲ್ಲ, ಜೀಪು ರಿಪೇರಿ ಆಗ್ಲಿ ಅಂತ ಕಾಯ್ತಿದ್ವಿ."

ಅರ್ಚನಾ ಕಣ್ಣೊರೆಸಿಕೊಂಡು ಕಾಫಿ ತರಲು ಓಡಿದಳು.

ಅರ್ಚನಾಳ ಮದುವೆಯ ಮೊದಲ ಪತ್ರಿಕೆಯನ್ನು ನಾನೇ ಸುರೇಂದ್ರನ ಮನೆಗೆ ಹೋಗಿ, ಕೂತು, ಕಾಫಿ ಕುಡಿದು, ಕೈಗೆ ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ತೆರೆಯಲಿಲ್ಲ.

"ಇದ್ರಿಂದ ಏನೂ ಆಗಲ್ಲ ತಾನೆ ಮಾರಾಯ?"

"ತೆರಿಯೋ," ಎಂದೆ. "ಅನುಮತಿ ಕೊಟ್ಟಿದೀನಿ."