ಸೆರಗಿನಡಿಯ ಮಾತು

ನನ್ನ ಕೈಗಳು ಸೆರಗಿನಡಿಯಲ್ಲಿ ತಾವಾಗಿಯೇ ಮಾತಾಡುತ್ತವೆ, ಯಾರಾದರೂ ನೋಡಿಬಿಟ್ಟರೆ?

ತಂಗಿಯ ಶಾಲೆಯ ವಿಷಯಕ್ಕೆ ಕಚೇರಿಗೆ ಹೋಗಬೇಕಿದ್ದ ದಿನ ಬೆಳಿಗ್ಗೆ ಡೈರಿಯಲ್ಲಿ ನಾನು ಬರೆದದ್ದು ಇಷ್ಟೇ. ಮಿಕ್ಕವರಿಗೆ ನಗು ತರಿಸಬಹುದಾದ ಚಿಂತೆ. ಆದರೆ ನಾಲ್ಕು ಜನರೆದುರು ನನ್ನ ದನಿ ಗಂಟಲಲ್ಲೇ ಉಳಿದು, ಹೇಳಬೇಕೆನಿಸಿದ್ದೆಲ್ಲ ಬೆರಳುಗಳಿಗೆ ಇಳಿದುಬಿಡುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಮೈಮೇಲೆ ಒರಗಿದರೆ ಬಾಯಿ ಸುಮ್ಮನಿರುತ್ತಿತ್ತು. ಸೆರಗಿನೊಳಗೆ ಕೈ ಜಗಳಕ್ಕೆ ನಿಂತಿರುತ್ತಿತ್ತು.

ಆ ಕೈಭಾಷೆ ನನ್ನದು ಮತ್ತು ತಂಗಿ ಶಾಂಭವಿಯದು. ಹುಟ್ಟಿದಾಗಿನಿಂದ ಕಿವಿ ಕೇಳದ ಅವಳಿಗೂ ನನಗೂ ನಡುವೆ ಅದು ಹೇಗೋ ಬೆಳೆದುಕೊಂಡಿತ್ತು. ಮೂಗಿನ ಪಕ್ಕ ಬೆರಳಿಟ್ಟರೆ ಮೂಗುಬಟ್ಟಿನ ಅಮ್ಮ. ಹೆಗಲ ಮೇಲಿಂದ ಇಲ್ಲದ ಜಡೆಯನ್ನು ಎಳೆದರೆ ನಾನು. ತೋಳು ಬೀಸಿದರೆ ಗಂಟೆ ಹೊಡೆಯುವ ಜವಾನ, ಅಂದರೆ ಶಾಲೆ. ಅಂಗೈಯಿಂದ ಅಂಗೈ ಒರೆಸಿದರೆ ಬೇಡ. ಅಮ್ಮನಿಗೆ ಊಟ, ಸ್ನಾನ, ನಿದ್ದೆ, ಬೈಗುಳ, ಇಷ್ಟು ತಿಳಿಯುತ್ತಿತ್ತು. ಅದರಾಚೆಗೆ, "ಏನಂತೆ ಇವಳ್ದು?" ಎಂದು ನನ್ನ ಮುಖ ನೋಡುತ್ತಿದ್ದಳು.

ಊರಿನ ಶಾಲೆಯ ಹೆಡ್‌ಮಾಸ್ತರರು, "ಅಕ್ಕ ಪಕ್ಕದಲ್ಲಿ ಕೂತ್ರೆ ಮಾತ್ರ ಸೇರಿಸ್ಕೋತೀನಿ" ಎಂದಿದ್ದರು. ಹೀಗಾಗಿ ಬಿ.ಎ. ಮುಗಿಸಿದ ನಾನು ನಾಲ್ಕನೇ ತರಗತಿಯ ಬೆಂಚಿನಲ್ಲಿ, ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು, ಮಗ್ಗಿಯಿಂದ ಮಳೆಬಿಲ್ಲಿನವರೆಗೆ ಎಲ್ಲವನ್ನೂ ಕೈಗೆ ಇಳಿಸುತ್ತ ಕೂರುತ್ತಿದ್ದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಪಕ್ಕದವಳನ್ನು ಕೇಳಿದ್ದಳು: "ಈ ಅಕ್ಕ ಎಷ್ಟು ಸಲ ಫೇಲಾಗಿದ್ದಾಳೆ?" ತರಗತಿಗೆ ತರಗತಿಯೇ ನಕ್ಕಿತು. ನಾನೂ ನಕ್ಕೆ. ಶಾಂಭವಿ ಮಾತ್ರ, ಏನು, ಏನು ಎಂದು ನನ್ನ ತೋಳು ಜಗ್ಗಿದಳು. ಏನಿಲ್ಲ ಎಂದೆ.

ಆ ವರ್ಷ ಸರ್ಕಾರದಿಂದ ಹೊಸ ಅನುದಾನ ಬಂತು. ಶಾಂಭವಿಯಂಥ ಮಕ್ಕಳನ್ನು ಮನೆಯವರು ಯಾವ ಶಾಲೆಗೆ ಸೇರಿಸಿದರೂ ಖರ್ಚು ಸರ್ಕಾರದ್ದು. ಆದರೆ ಒಮ್ಮೆ ಆರಿಸಿದ ಶಾಲೆಯನ್ನು ಓದು ಮುಗಿಯುವ ತನಕ ಬದಲಿಸುವಂತಿಲ್ಲ. ಮಗುವಿನ ಇಷ್ಟವನ್ನು ಅಧಿಕಾರಿಗಳು ಎದುರಿಗೇ ಕೂರಿಸಿಕೊಂಡು ಕೇಳಬೇಕು. ಅಮ್ಮ ಕ್ಷಣವೂ ಯೋಚಿಸಲಿಲ್ಲ. "ಕಾನ್ವೆಂಟಿಗೇ ಹಾಕೋಣ. ಮನೆ ಹತ್ರ, ಟೈ, ಬೂಟು. ಅವರೂ ಅಕ್ಕ ಜೊತೇಲಿ ಕೂತ್ರೆ ಆಯ್ತು ಅಂದಿದ್ದಾರೆ. ನೀನಂತೂ ಇದ್ದೇ ಇದ್ದೀಯಲ್ಲ!" ಬೆಂಚು ನನ್ನ ಮೊಣಕಾಲುಗಳ ಸುತ್ತ ಇನ್ನಷ್ಟು ಬಿಗಿದಂತಾಯಿತು.

ಪಕ್ಕದ ಊರಿನಲ್ಲಿ ಕಿವುಡ ಮಕ್ಕಳದೇ ಒಂದು ಶಾಲೆಯಿತ್ತು, ಹಾಸ್ಟೆಲ್ಲೂ ಇತ್ತು. ನೋಡಿಬರೋಣವೆಂದು ಅಮ್ಮನೂ ನಾವಿಬ್ಬರೂ ಹೋದಾಗ ಊಟದ ಬಿಡುವು. ಅಂಗಳದ ತುಂಬ ಕೈಗಳು ಹಾರಾಡುತ್ತಿದ್ದವು. ಶಾಂಭವಿ ನನ್ನ ಕೈ ಬಿಡಿಸಿಕೊಂಡು ಬೇಲಿಯ ಒಳಗೆ ಓಡಿದಳು. ಅವರ ಸನ್ನೆ ಅವಳಿಗೆ ಗೊತ್ತಿರಲಿಲ್ಲ. ಆದರೆ ಅವರು ತಮ್ಮದನ್ನು ತೋರಿಸಿದರು, ಇವಳು ತನ್ನದನ್ನು. ಇವಳ ತೋಳಿನಲ್ಲಿ ಗಂಟೆ ಹೊಡೆಯುವ ಜವಾನನನ್ನು ಕಂಡು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಸಲವೂ ಅವಳು ನನ್ನತ್ತ ತಿರುಗಿ, ಏನು ಎಂದು ಕೇಳಲಿಲ್ಲ. ಬೇಲಿಯ ಹೊರಗೆ ನಿಂತ ನನಗೆ ಆ ಮಾತುಗಳಲ್ಲಿ ಒಂದೂ ತಿಳಿಯಲಿಲ್ಲ. ಅಂದು ಕಿವುಡಿ ನಾನಾಗಿದ್ದೆ.

"ಮೂಕರ ಮಧ್ಯೆ ಬಿಟ್ರೆ ಮೂಕಿಯಾಗೇ ಉಳೀತಾಳೆ" ಎಂದಳು ಅಮ್ಮ, ವಾಪಸು ಬರುವಾಗ ಬಸ್ಸಿನಲ್ಲಿ.

ಶಾಂಭವಿ ಅಲ್ಲಿಗೆ ಹೋದರೆ ನಾನು ಬೆಂಚಿನಿಂದ ಏಳಬಹುದಿತ್ತು. ಅವಳು ಅಲ್ಲಿಗೆ ಹೋದರೆ ನನ್ನೊಡನೆ ಮಾತಾಡುವವರು ಯಾರೂ ಇರುತ್ತಿರಲಿಲ್ಲ. ಮೊದಲನೆಯದು ಸ್ವಾರ್ಥ, ಎರಡನೆಯದೂ ಸ್ವಾರ್ಥವೇ. ಸೆರಗಿನಡಿಯಲ್ಲಿ ಕೈಗಳು ಮಾತ್ರ ಅಮ್ಮನೊಡನೆ ವಾದಕ್ಕಿಳಿದಿದ್ದವು.

ಕಚೇರಿಯಲ್ಲಿ ಅಧಿಕಾರಿ ಲೋಕಾಂಬಾ ಮೇಡಂ ನನ್ನ ಮುಖ ನೋಡಿ ನಕ್ಕರು. "ಹೆದರ್ಬೇಡ ಕಣಮ್ಮ, ನಾನೇನೂ ಕಚ್ಚಲ್ಲ. ಮಗೂನ ಕೇಳಿ ಹೇಳು. ನಂಗೆ ಈ ಭಾಷೆ ಬರಲ್ಲ, ನಿಮ್ಮಮ್ಮಂಗೂ ಅಷ್ಟಕ್ಕಷ್ಟೇ. ನೀನು ಏನಂತೀಯೋ ಅದೇ ಕೊನೆ."

"ಕೇಳೋದೇನಿದೆ ಮೇಡಂ," ಅಮ್ಮ ನಡುವೆ ಬಂದಳು. "ಅವಳಕ್ಕನ್ನ ಬಿಟ್ಟು ಒಂದು ಗಳಿಗೆ ಇರೋಳಲ್ಲ ಇವಳು."

ನಾನು ಕೇಳಿದೆ. ಶಾಂಭವಿ ಕಾದವಳಂತೆ ತೋಳು ಬೀಸಿದಳು. ಎರಡೂ ಕೈ ಅಗಲಿಸಿ ಅಂಗಳ ಮಾಡಿದಳು, ಅದರ ತುಂಬ ಬೆರಳುಗಳನ್ನು ಹಾರಿಸಿದಳು, ಕಿಟಕಿಯಾಚೆ ಬಸ್ಸುಗಳು ಹೋಗುವ ದಾರಿಯನ್ನು ತೋರಿಸಿದಳು. ನಾನು ತಲೆಯಾಡಿಸುವಷ್ಟರಲ್ಲಿ ಹೆಗಲ ಮೇಲಿಂದ ಜಡೆಯೆಳೆದಳು. ಆಮೇಲೆ ಅಂಗೈಯಿಂದ ಅಂಗೈ ಒರೆಸಿದಳು.

ಅಕ್ಕ ಬೇಡ.

ನಾನು ತಪ್ಪು ಕಂಡೆನೇನೋ ಎಂದು ಮತ್ತೆ ಕೇಳಿದೆ. ಈ ಸಲ ಅವಳು ನಿಧಾನವಾಗಿ ಹೇಳಿದಳು. ಬೆಂಚಿನಲ್ಲಿ ಕೂತು ಅವಳಿಗೆ ಅರ್ಥವಾಗದ ಲೆಕ್ಕವನ್ನು ನಾನು ಬಿಡಿಸಿ ಹೇಳುತ್ತಿದ್ದ ಹಾಗೆ. ಮುಖದಲ್ಲಿ ಮುನಿಸಿರಲಿಲ್ಲ. ಜಡೆ. ಅಂಗೈ.

"ಏನಂತೆ?" ಅಮ್ಮ ಕೇಳಿದಳು.

ಕಾನ್ವೆಂಟು ಎಂದರೆ ಮುಗಿಯುತ್ತಿತ್ತು. ಅಮ್ಮನಿಗೆ ಸಮಾಧಾನ. ಸುಳ್ಳೆಂದು ಹೇಳಬಲ್ಲವಳು ಜಗತ್ತಿನಲ್ಲಿ ಒಬ್ಬಳೇ, ಅವಳಿಗೆ ಅದು ಕೇಳಿಸುವುದೇ ಇಲ್ಲ. ನಿಜ ಹೇಳಿದರೆ ಅಮ್ಮ ನಂಬುತ್ತಾಳೆಯೇ? "ಅವಳ ಹೆಸರಲ್ಲಿ ನಿನ್ನ ಆಸೆ ಹೇಳ್ತಿದ್ದೀಯ" ಎಂದು ಜನ್ಮವಿಡೀ ಆಡಿಕೊಂಡರೆ? ಸೆರಗಿನಡಿಯಲ್ಲಿ ನನ್ನ ಕೈಗಳು ಒಂದನ್ನೊಂದು ಒರೆಸುತ್ತಲೇ ಇದ್ದವು.

"ಅಷ್ಟು ಯೋಚ್ನೆ ಏನೇ? ಬಾಯಿ ಬಿಡೇ!"

ಸೆರಗು ಸರಿಸಿ ಕೈಗಳನ್ನು ಮೇಜಿನ ಮೇಲೆ, ಕಿಟಕಿಯ ಬೆಳಕಿಗೆ ತಂದೆ. ಶಾಂಭವಿಗೂ ಕಾಣಲಿ ಎಂದು. ಜಡೆಯನ್ನು ನಾನೇ ಎಳೆದೆ, ಅಂಗೈಯನ್ನು ನಾನೇ ಒರೆಸಿದೆ. ದನಿ ಅವುಗಳ ಹಿಂದೆ ಹಿಂದೆಯೇ, ನನಗೇ ಗುರುತಾಗದಷ್ಟು ದೊಡ್ಡದಾಗಿ, ಹೊರಗೆ ಬಂತು.

"ಅವಳಿಗೆ ಆ ಪಕ್ಕದೂರಿನ ಶಾಲೆನೇ ಬೇಕಂತೆ, ಅಮ್ಮ. ಅಲ್ಲಿ ನಾನಿರೋದು ಬೇಡ್ವಂತೆ."