ದೋಣಿಗೂ ಒಂದು ಪಾಲು

ದೋಣಿಯೊಳಗೆ ನೀರು ಬರಬಾರದು, ಪೀಪಾಯಿಯಿಂದ ಏನೂ ಹೊರಗೆ ಹೋಗಬಾರದು. ಬೊಮ್ಮಯ್ಯನಿಗೆ ಎರಡೂ ಒಂದೇ. ಬೇಲೆಕೇರಿಯಲ್ಲಿ ಮರದ ದೋಣಿಗಳ ಸಂದಿಗೆ ಹತ್ತಿ ತುರುಕಿ, ರಾಳ ಹಚ್ಚಿ ಬದುಕಿದವನು. ಫೈಬರ್ ದೋಣಿ ಬಂದ ಮೇಲೆ ಕೈ ಖಾಲಿಯಾಯಿತು. ಅಂಕೋಲೆಯ ಹೊಸ ವಿಸ್ಕಿ ಗೋದಾಮಿಗೆ ಮರದ ಕೆಲಸ ಗೊತ್ತಿರುವವರು ಬೇಕೆಂದು ಕೇಳಿ ಸೇರಿಕೊಂಡ. ಈ ತಿಂಗಳು ನೋಡುತ್ತಾರೆ, ಹಿಡಿಸಿದರೆ ಕಾಯಂ.

ಗೋದಾಮಿನ ಬಾಗಿಲು ತೆಗೆದರೆ ಸಾಕು, ವಿಸ್ಕಿಯ ಸಿಹಿ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಮೇಲ್ವಿಚಾರಕಿ ನಾಗಶ್ರೀ ಒಂದು ಪೀಪಾಯಿಗೆ ಅಳತೆಕೋಲು ಇಳಿಸಿ ನೋಡಿ, "ಮತ್ತೆ ಕಡಿಮೆಯಾಗಿದೆ" ಅಂದಳು. ಬೊಮ್ಮಯ್ಯ ಅದು ತನಗೇ ಹೇಳಿದ್ದೆಂದುಕೊಂಡ. ಮರುದಿನ ಮನೆಯಲ್ಲಿ ರಾಳ ಕುದಿಸಿ ತಂದು, ಎಲ್ಲರೂ ಊಟಕ್ಕೆ ಹೋದಾಗ ಆ ಪೀಪಾಯಿಗೆ ಅಡಿಯಿಂದ ಮುಡಿಯವರೆಗೆ ಬಳಿದ.

ಅವರು ತಿರುಗಿ ಬಂದಾಗ ಅದು ಎಣ್ಣೆ ಹಚ್ಚಿದ ಎಮ್ಮೆಯಂತೆ ಹೊಳೆಯುತ್ತಿತ್ತು.

"ಇದೆಂತ ಮಾಡಿದ್ರಿ, ಬೊಮ್ಮಯ್ಯಣ್ಣ?" ಅಂದಳು ನಾಗಶ್ರೀ.

"ಸೋರೂದು ನಿಲ್ಸ್ದೆ, ಅಮ್ಮಾ. ಉಳಿದವಕ್ಕೂ ಹಚ್ತಿದ್ದೆ, ರಾಳ ಸಾಲ್ಲಿಲ್ಲ."

ಅವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು. "ಅದು ಸೋರೂದಲ್ಲ. ಮರ ಉಸಿರಾಡ್ತದೆ. ಒಳಗಿದ್ದದ್ದು ಸ್ವಲ್ಪ ಗಾಳಿಗೆ ಹೋಗ್ತದೆ. ಅದಕ್ಕೆ ದೇವದೂತರ ಪಾಲು ಅಂತಾರೆ."

"ಯಾರು ಅಂತಾರೆ?"

"ಸ್ಕಾಟ್ಲೆಂಡಿನ ಕಡೆಯವರು. ಮೊದಲು ಅಂದವರು ಯಾರೋ ಗೊತ್ತಿಲ್ಲ. ಬಿಗಿಯಾಗಿ ಮುಚ್ಚಿಟ್ಟದ್ದು ವರ್ಷ ಕಳೆದು ತೆಗೆದ್ರೆ ಕಡಿಮೆ. ಕದ್ದವರೂ ಇಲ್ಲ. ಹಾಗಾದ್ರೆ ಮೇಲಿನವರೇ ಕುಡಿದಿರಬೇಕು ಅಂದ್ಕೊಂಡ್ರಂತೆ."

"ನಮ್ಮ ಸೆಕೆಗೆ ಅವರಿಗೆ ಇಲ್ಲಿ ಬಾಯಾರಿಕೆ ಜಾಸ್ತಿ ಅಲ್ವಾ?"

"ಜಾಸ್ತಿನೇ." ನಗು ಬಂತು, ತಡೆದುಕೊಂಡಳು.

ಬೊಮ್ಮಯ್ಯ ಪೀಪಾಯಿಯ ಮೇಲೆ ಕೈ ಇಟ್ಟ. "ನಾವು ಮೀನು ಹಂಚುವಾಗ ದೋಣಿಗೂ ಒಂದು ಪಾಲು ಇಡ್ತ್ರು. ದೋಣಿ ತಿಂತದಾ? ಆದ್ರೆ ಅದೇ ಪಾಲಿಂದ ಅದರ ರಿಪೇರಿ. ನಾ ಉಂಡದ್ದೂ ಅದೇ ಪಾಲು. ಈ ದೂತರು ತಿರುಗಿ ಎಂತ ಕೊಡ್ತ್ರು?"

"ರುಚಿ. ಗಾಳಿ ಆಡದಿದ್ರೆ ಒಳಗಿರೂದು ಬರೀ ಖಾರ."

ಅವನು ಉಳಿ ತೆಗೆದುಕೊಂಡು ಕೂತ. "ಹಸಿ ಇದೆ. ಇವತ್ತೇ ಕೆರೆದ್ರೆ ಬರ್ತದೆ." ಆಮೇಲೆ, ತಲೆ ಎತ್ತದೆ: "ನಾಳೆ ನಾ ಬರೂದು ಬ್ಯಾಡ್ವಾ?"

"ಮೊದಲು ಇದು ಉಸಿರಾಡ್ಲಿ."

ಒಂದೊಂದೇ ಹಲಗೆ ಕೆರೆದ. ನಾಗಶ್ರೀ ಆಗಾಗ ಬಂದು ಮೂಸಿ ನೋಡಿದಳು: ರಾಳ, ಬರೀ ರಾಳ. ಬಿಸಿಲು ಇಳಿಯುವ ಹೊತ್ತಿಗೆ ಒಂದು ಸಂದಿಗೆ ಮೂಗು ಒಡ್ಡಿದವಳು ಹಾಗೇ ನಿಂತಳು. ರಾಳದ ಅಡಿಯಿಂದ ತೆಳುವಾಗಿ, ಸಿಹಿಯಾಗಿ, ಬೇರೇನೋ ಬರುತ್ತಿತ್ತು.

"ಬಂತು" ಅಂದಳು.

ಬೊಮ್ಮಯ್ಯ ಕೆರೆಯುವುದನ್ನು ನಿಲ್ಲಿಸಲಿಲ್ಲ. ಅವಳು ಒಳಗೆ ಹೋಗಿ, ಕಾಯಂ ಆದವರಿಗೆ ಕೊಡುವ ಬೀಗದಕೈ ತಂದು ಪೀಪಾಯಿಯ ಮೇಲಿಟ್ಟಳು.

"ಬೆಳಿಗ್ಗೆ ನೀವೇ ಬಾಗಿಲು ತೆಗೀರಿ. ರಾಳದ ಡಬ್ಬಿ ಮಾತ್ರ ಮನೇಲಿ ಬಿಟ್ಟು ಬನ್ನಿ."